ಚರ್ಮರೋಗಗಳನ್ನು ಗುರುತಿಸುವುದು ಹೇಗೆ?

(ದಂಪತಿಗಳ ಆರೋಗ್ಯ ಶಿಬಿರವೊಂದರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆಯೆಂದರೆ ವಂಕಿ, ಗುಳಿಗೆ, ಶಸ್ತ್ರಚಿಕಿತ್ಸೆಗಳ ಮಾತೇ ಎಂದು ನಿಮ್ಮಲ್ಲಿ ಕೆಲವರು ಎಣಿಸಿ ಬಂದಿರಬಹುದು. ಇಂದು ಆ ವಿಷಯವನ್ನು ನಾನು ಎತ್ತಿಕೊಳ್ಳುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಕೂಡಿ ನೋಡಿಕೊಳ್ಳಬೇಕಾದ, ಆದರೆ ನಾಚಿಕೆಯಿಂದಲೋ ಅಲಕ್ಷ್ಯದಿಂದಲೋ ಇಬ್ಬರೂ ಮುಚ್ಚಿಡುವ ಒಂದು ಸಂಗತಿಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಅದು ನಮ್ಮ ಚರ್ಮ ಹಾಗೂ ಅದಕ್ಕೆ ತಗಲುವ ಸಾಮಾನ್ಯ ರೋಗಗಳ ವಿಷಯ.

ಎದೆಯೊಳಗಿನ ರೋಗವನ್ನು ತಿಳಿಯಲು ಯಂತ್ರ ಬೇಕು, ರಕ್ತದ ರೋಗವನ್ನು ತಿಳಿಯಲು ಪ್ರಯೋಗಶಾಲೆ ಬೇಕು. ಚರ್ಮದ ರೋಗವಾದರೋ ಬರಿಗಣ್ಣಿಗೆ ಕಾಣುವಂತಹುದು. ಆದರೂ ಅದನ್ನು ಗುರುತಿಸುವುದರಲ್ಲಿ ನಾವು ಮತ್ತೆ ಮತ್ತೆ ತಪ್ಪುತ್ತೇವೆ. ಹುಳುಕಡ್ಡಿಯನ್ನು ಇಸುಬೆಂದೂ, ತೊನ್ನನ್ನು ಕುಷ್ಠವೆಂದೂ, ಕುಷ್ಠವನ್ನು ಬರಿಯ ಚಿಬ್ಬೆಂದೂ ತಿಳಿಯುವುದುಂಟು. ಮೊದಲನೆಯ ತಪ್ಪಿನಿಂದ ಹಣ ಹೋಗುತ್ತದೆ; ಎರಡನೆಯದರಿಂದ ನಿರಪರಾಧಿಯೊಬ್ಬರ ಮಾನ ಹೋಗುತ್ತದೆ; ಮೂರನೆಯದರಿಂದ ಕೈಕಾಲುಗಳ ಶಕ್ತಿಯೇ ಹೋಗಬಹುದು.

ಪರೀಕ್ಷೆಗಾಗಿ ಕಲಿತ ಪಾಠ

ನಾನು ಎಂ.ಬಿ.ಬಿ.ಎಸ್. ಓದುತ್ತಿದ್ದ ಕಾಲದಲ್ಲಿ ಚರ್ಮರೋಗದ ಪರೀಕ್ಷೆಗೆ ಸಿದ್ಧನಾಗುತ್ತಿದ್ದ ದಿನಗಳು ಈಗಲೂ ನೆನಪಿವೆ. ಪುಸ್ತಕದಲ್ಲಿ ನೂರಾರು ಹೆಸರುಗಳು, ನೂರಾರು ಚಿತ್ರಗಳು. ರಾತ್ರಿಯೆಲ್ಲ ಕುಳಿತು ಅವನ್ನು ಬಾಯಿಪಾಠ ಮಾಡಿದೆ. ಆ ಪುಸ್ತಕಗಳಲ್ಲಿ ಹೆಚ್ಚಿನವು ಪಾಶ್ಚಾತ್ಯ ದೇಶಗಳಲ್ಲಿ ಬರೆದವು. ಚಿತ್ರಗಳಲ್ಲಿದ್ದ ರೋಗಿಗಳು ಬಿಳಿಯ ಮೈಬಣ್ಣದವರು. ಅವರ ಮೈಮೇಲೆ ಕೆಂಪಗೆ ಎದ್ದು ಕಾಣುವ ಮಚ್ಚೆಯು ನಮ್ಮವರ ಮೈಮೇಲೆ ಕಂದಾಗಿಯೋ, ನೇರಳೆಯಾಗಿಯೋ, ಬೂದಿ ಬಣ್ಣವಾಗಿಯೋ ಕಾಣುತ್ತದೆ. ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಮುಂದೆ ನಿಂತಾಗ ನಾನು ಕಲಿತ ಚಿತ್ರಗಳಲ್ಲಿ ಒಂದೂ ನೆರವಿಗೆ ಬರಲಿಲ್ಲ.

ನನ್ನ ತಬ್ಬಿಬ್ಬನ್ನು ಕಂಡ ಉಪಾಧ್ಯಾಯರೊಬ್ಬರು, “ರೋಗದ ಹೆಸರನ್ನು ಕಡೆಯಲ್ಲಿ ಹೇಳುವಿರಂತೆ. ಮೊದಲು ಐದು ಪ್ರಶ್ನೆಗಳನ್ನು ಕೇಳಿಕೊಳ್ಳಿ” ಎಂದು ತಿಳಿಸಿ ಅವನ್ನು ಬರೆಸಿದರು. ಅವು ಹೀಗಿವೆ:

೧. ಮಚ್ಚೆ ಅಥವಾ ಗುಳ್ಳೆಯು ಮೈಯ ಯಾವ ಭಾಗದಲ್ಲಿದೆ?
೨. ಅದರ ಬಣ್ಣ, ಅಂಚು ಮತ್ತು ಮೇಲ್ಮೈ ಹೇಗಿವೆ?
೩. ತುರಿಕೆ ಉಂಟೆ? ಇದ್ದರೆ ಯಾವ ಹೊತ್ತಿನಲ್ಲಿ ಹೆಚ್ಚು?
೪. ಆ ಜಾಗದಲ್ಲಿ ಮುಟ್ಟಿದರೆ ತಿಳಿಯುತ್ತದೆಯೆ?
೫. ಮನೆಯಲ್ಲಿ ಇನ್ನು ಯಾರಿಗೆ ಇದೆ?

ಪರೀಕ್ಷೆಯಲ್ಲಿ ನಾನು ತೇರ್ಗಡೆಯಾದೆ. ಆದರೆ ಈ ಪ್ರಶ್ನೆಗಳ ಬೆಲೆ ನನಗೆ ತಿಳಿದುದು ಹಳ್ಳಿಗೆ ಬಂದ ಮೇಲೆ. ಅದೂ ಒಂದು ತಪ್ಪನ್ನು ಮಾಡಿದ ಮೇಲೆ.

ಕಜ್ಜಿ: ಮನೆಮಂದಿಗೆಲ್ಲ ಒಂದೇ ರಾತ್ರಿ

ಅದು ನಾನು ಸೇವೆಗೆ ಸೇರಿದ ಮೊದಲನೆಯ ವರ್ಷ. ತಾಯಿಯೊಬ್ಬರು ನಾಲ್ಕು ವರ್ಷದ ಗಂಡುಮಗುವನ್ನು ಕರೆತಂದರು. ಮಗುವಿನ ಬೆರಳ ಸಂದುಗಳಲ್ಲಿ, ಮಣಿಕಟ್ಟಿನಲ್ಲಿ, ಕುಂಡೆಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳೆದ್ದು, ಕೆರೆದು ಕೆರೆದು ಕೀವಾಗಿತ್ತು. ಕಜ್ಜಿಯೆಂದು ಗುರುತಿಸುವುದು ಕಷ್ಟವಾಗಲಿಲ್ಲ. ಹೊರಗೆ ರೋಗಿಗಳ ಸಾಲು ಉದ್ದವಾಗಿತ್ತು. ಮಗುವಿಗೆ ಹಚ್ಚಲು ಮುಲಾಮು ಕೊಟ್ಟು ಕಳುಹಿಸಿದೆ. ಮೂರು ವಾರಗಳ ಮೇಲೆ ಅವರು ಮರಳಿ ಬಂದರು. ಅದೇ ಕಜ್ಜಿ; ನಾನು ಕೊಟ್ಟುದೂ ಅದೇ ಮುಲಾಮು. ಮೂರನೆಯ ಬಾರಿ ಬಂದಾಗ ಮಗುವಿನ ಮುಖ ಊದಿಕೊಂಡಿತ್ತು. ಮೂತ್ರವು ಬಹಳ ಕಡಿಮೆಯಾಗಿ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿತ್ತು. ಕಜ್ಜಿಯ ಹುಣ್ಣಿನಲ್ಲಿ ಸೇರಿಕೊಂಡ ಕೀವಿನ ರೋಗಾಣುಗಳ ದೆಸೆಯಿಂದ ಮೂತ್ರಪಿಂಡಗಳಿಗೆ ಬಾವು ಬಂದಿತ್ತು. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಮಗು ಗುಣಹೊಂದಿತು.

ಆ ದಿನ ನಾನು ಮೊದಲ ಬಾರಿಗೆ ತಾಯಿಯ ಕೈಗಳನ್ನು ನೋಡಿದೆ. ಅವರ ಬೆರಳ ಸಂದುಗಳಲ್ಲಿಯೂ ಅವೇ ಗುಳ್ಳೆಗಳಿದ್ದವು. ಗಂಡನಿಗೂ ಇತ್ತು, ಅತ್ತೆಗೂ ಇತ್ತು. “ಮೊದಲೇ ಏಕೆ ಹೇಳಲಿಲ್ಲ ತಾಯಿ?” ಎಂದು ಕೇಳಿದುದಕ್ಕೆ, “ದೊಡ್ಡೋರಿಗೂ ಕಜ್ಜಿ ಅಂತ ಹೇಳೋಕೆ ನಾಚ್ಕೆ ಆಯ್ತು ಸ್ವಾಮಿ” ಎಂದರು. ನಾಚಿಕೆ ಅವರದು, ಆದರೆ ತಪ್ಪು ನನ್ನದು. ಐದನೆಯ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಒಂದೇ ಚಾಪೆಯ ಮೇಲೆ ಮಲಗುವ ಐದು ಮಂದಿಯಲ್ಲಿ ಒಬ್ಬರಿಗೆ ಮಾತ್ರ ಔಷಧ ಕೊಟ್ಟಿದ್ದೆ. ವಾಸಿಯಾದ ಮಗುವಿಗೆ ತಾಯಿಯ ಮಡಿಲಿನಿಂದಲೇ ರೋಗವು ಮರಳಿ ಅಂಟುತ್ತಿತ್ತು.

ಕಜ್ಜಿಯು ರಕ್ತ ಕೆಟ್ಟುದರಿಂದ ಬರುವುದಲ್ಲ. ಬದನೆಕಾಯಿ ತಿಂದುದರಿಂದ ಬರುವುದೂ ಅಲ್ಲ. ಕಣ್ಣಿಗೆ ಕಾಣುವುದೇ ಕಷ್ಟವೆನ್ನುವಷ್ಟು ಸೂಕ್ಷ್ಮವಾದ ಒಂದು ನುಸಿಯು ಇದಕ್ಕೆ ಕಾರಣ. ಇಟಲಿ ದೇಶದ ಬೊನೋಮೊ ಎಂಬ ವೈದ್ಯರು ೧೬೮೭ರಷ್ಟು ಹಿಂದೆಯೇ ಇದನ್ನು ವರ್ಣಿಸಿದರು. ಹೆಣ್ಣು ನುಸಿಯು ಚರ್ಮದ ಮೇಲ್ಪದರದಲ್ಲಿ ಬಿಲ ತೋಡಿ ಅಲ್ಲಿಯೇ ಮೊಟ್ಟೆಯಿಡುತ್ತದೆ. ಮೊದಲ ಸಲ ತಗಲಿದವರಿಗೆ ತುರಿಕೆ ಕಾಣಿಸಿಕೊಳ್ಳಲು ನಾಲ್ಕರಿಂದ ಆರು ವಾರಗಳು ಹಿಡಿಯುವುದುಂಟು. ಆದುದರಿಂದ ಇಂದು ತುರಿಕೆಯಿಲ್ಲದವರಲ್ಲಿಯೂ ರೋಗವು ಅಡಗಿರಬಹುದು.

ಬೆರಳ ಸಂದು, ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ, ತೊಡೆಯ ಸಂದು, ಗುಪ್ತಾಂಗ, ಹೆಂಗಸರಲ್ಲಿ ಸ್ತನದ ತೊಟ್ಟಿನ ಸುತ್ತ ಗುಳ್ಳೆಗಳಿದ್ದು, ರಾತ್ರಿ ಹಾಸಿಗೆಗೆ ಹೋದೊಡನೆ ತುರಿಕೆ ಹೆಚ್ಚುವುದಾದರೆ, ಮನೆಯಲ್ಲಿ ಇಬ್ಬರು ಮೂವರಿಗೆ ಹೀಗಿದ್ದರೆ, ಅದು ಕಜ್ಜಿಯೆಂದು ಬಹುಮಟ್ಟಿಗೆ ಹೇಳಬಹುದು. ಎಳೆಯ ಕೂಸುಗಳಲ್ಲಿ ಅಂಗೈ, ಅಂಗಾಲು ಮತ್ತು ತಲೆಯಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಚಿಕಿತ್ಸೆ ಸುಲಭ. ಪರ್ಮೆತ್ರಿನ್ ಎಂಬ ಮುಲಾಮನ್ನು ರಾತ್ರಿ ಕತ್ತಿನಿಂದ ಕಾಲಿನ ಬೆರಳುಗಳವರೆಗೆ, ಉಗುರಿನ ಸಂದನ್ನೂ ಬಿಡದೆ, ಮೈಗೆಲ್ಲ ತೆಳುವಾಗಿ ಹಚ್ಚಿಕೊಂಡು ಮಲಗಬೇಕು. ಎಂಟರಿಂದ ಹದಿನಾಲ್ಕು ಗಂಟೆಗಳ ಅನಂತರ ಸ್ನಾನ ಮಾಡಬೇಕು. ಒಂದು ವಾರದ ಮೇಲೆ ಇನ್ನೊಮ್ಮೆ ಹೀಗೆಯೇ ಮಾಡಬೇಕು. ಗುಳ್ಳೆಯಿರುವ ಕಡೆ ಮಾತ್ರ ಸವರಿಕೊಂಡರೆ ಪ್ರಯೋಜನವಿಲ್ಲ. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಮನೆಯಲ್ಲಿರುವವರೆಲ್ಲರೂ, ತುರಿಕೆಯಿದ್ದವರೂ ಇಲ್ಲದವರೂ, ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಉಟ್ಟ ಬಟ್ಟೆ, ಹೊದಿಕೆಗಳನ್ನು ಮರುದಿನ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಮನುಷ್ಯರ ಮೈಬಿಟ್ಟ ನುಸಿ ಎರಡು ಮೂರು ದಿನಗಳಲ್ಲಿ ಸಾಯುತ್ತದೆ. ಗರ್ಭಿಣಿಯರೂ, ಎಳೆಗೂಸಿನ ತಾಯಂದಿರೂ ಆ ವಿಷಯವನ್ನು ಮೊದಲೇ ತಿಳಿಸಿದರೆ ತಕ್ಕ ಔಷಧವನ್ನು ಕೊಡುತ್ತೇವೆ. ಔಷಧದ ಮೇಲೂ ಎರಡು ಮೂರು ವಾರ ಸ್ವಲ್ಪ ತುರಿಕೆ ಉಳಿಯಬಹುದು. ಅದಕ್ಕೆ ಹೆದರಿ ದಿನವೂ ಮುಲಾಮು ಬಳಿದುಕೊಳ್ಳುವುದು ಬೇಡ. ಹೊಲಕ್ಕೆ ಸಿಂಪಡಿಸುವ ಕೀಟನಾಶಕವನ್ನು ಕಜ್ಜಿಗೆ ಅಥವಾ ಹೇನಿಗೆ ಹಚ್ಚುವುದಂತೂ ಪ್ರಾಣಕ್ಕೇ ಮುಳುವು.

ಹುಳುಕಡ್ಡಿ: ಅಂಗಡಿಯ ಮುಲಾಮಿನ ಮೋಸ

ಹೆಸರಿನಲ್ಲಿ ಹುಳುವಿದ್ದರೂ ಈ ರೋಗದಲ್ಲಿ ಹುಳುವಿಲ್ಲ. ಹಳೆಯ ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟಿನ ಜಾತಿಗೆ ಸೇರಿದ ಶಿಲೀಂಧ್ರವು ಇದಕ್ಕೆ ಕಾರಣ. ಬೆವರು ನಿಲ್ಲುವ ತೊಡೆಯ ಸಂದು, ಲಂಗದ ಲಾಡಿ ಅಥವಾ ಉಡಿದಾರ ಬಿಗಿಯುವ ಸೊಂಟ, ಕಂಕುಳು, ಸ್ತನದ ಕೆಳಭಾಗ, ಇವು ಇದರ ಮೆಚ್ಚಿನ ಜಾಗಗಳು. ಎರಡನೆಯ ಪ್ರಶ್ನೆಯು ಇಲ್ಲಿ ನೆರವಿಗೆ ಬರುತ್ತದೆ: ಮಚ್ಚೆಯು ಬಳೆಯಂತೆ ದುಂಡಗಿದ್ದು, ಅಂಚು ಉಬ್ಬಿ ಹೊಟ್ಟು ಏಳುತ್ತದೆ, ನಡುಭಾಗ ವಾಸಿಯಾದಂತೆ ಕಾಣುತ್ತದೆ. ಬಳೆ ದಿನೇ ದಿನೇ ಅಗಲವಾಗುತ್ತ ಹೋಗುತ್ತದೆ.

ಈ ರೋಗವನ್ನು ಕೆಡಿಸುವುದು ರೋಗಿಯ ಅವಸರ. ನೆರೆಮನೆಯವರು ಹೇಳಿದ ಟ್ಯೂಬನ್ನು ಅಂಗಡಿಯಿಂದ ತಂದು ಹಚ್ಚುತ್ತಾರೆ. ಎರಡೇ ದಿನಗಳಲ್ಲಿ ತುರಿಕೆ ನಿಲ್ಲುತ್ತದೆ. ಇಂತಹ ಮುಲಾಮುಗಳಲ್ಲಿ ಅನೇಕವು ಸ್ಟೀರಾಯ್ಡ್ ಎಂಬ ಔಷಧ ಬೆರೆತವು. ಸ್ಟೀರಾಯ್ಡು ತುರಿಕೆಯನ್ನು ಅಡಗಿಸುತ್ತದೆ, ಆದರೆ ಶಿಲೀಂಧ್ರವನ್ನು ಕೊಲ್ಲುವುದಿಲ್ಲ; ಮೈಯ ರಕ್ಷಣೆಯನ್ನು ಕುಗ್ಗಿಸಿ ಅದು ಹಬ್ಬಲು ದಾರಿಮಾಡಿಕೊಡುತ್ತದೆ. ಹಚ್ಚುವುದನ್ನು ಬಿಟ್ಟೊಡನೆ ರೋಗವು ಇಮ್ಮಡಿಯಾಗಿ ಮರಳುತ್ತದೆ. ಬಳೆಯ ಆಕಾರವೂ ಕೆಡುವುದರಿಂದ ವೈದ್ಯರಿಗೂ ಗುರುತಿಸುವುದು ಕಷ್ಟವಾಗುತ್ತದೆ. ಬಹುಕಾಲ ಬಳಸಿದರೆ ಚರ್ಮವು ತೆಳುವಾಗಿ, ತೊಡೆ ಕಂಕುಳುಗಳಲ್ಲಿ ಬಸುರಿಯರ ಹೊಟ್ಟೆಯ ಮೇಲಿನಂತಹ ಬಿರುಕುಗೆರೆಗಳು ಉಳಿದುಬಿಡುತ್ತವೆ. ಮುಖದ ಬಣ್ಣ ತಿಳಿಯಾಗಲೆಂದು ಇಂತಹ ಮುಲಾಮನ್ನು ಹಚ್ಚುವ ಸೋದರಿಯರೂ ಈ ಮಾತನ್ನು ಗಮನಿಸಬೇಕು. ಆದುದರಿಂದ ವೈದ್ಯರ ಚೀಟಿಯಿಲ್ಲದೆ ಯಾವ ತುರಿಕೆಯ ಮುಲಾಮನ್ನೂ ಕೊಳ್ಳಬೇಡಿರಿ. ಆಗಲೇ ಬಳಸಿದ್ದರೆ ಬರುವಾಗ ಆ ಟ್ಯೂಬನ್ನು ಜೊತೆಗೆ ತನ್ನಿರಿ.

ಸರಿಯಾದ ಮುಲಾಮನ್ನು ಮಚ್ಚೆಯ ಅಂಚಿನಿಂದ ಎರಡು ಬೆರಳಿನಷ್ಟು ಆಚೆಗೂ ಹಚ್ಚಬೇಕು. ಮಚ್ಚೆ ಮಾಯವಾದ ಮೇಲೂ ಎರಡು ವಾರ ಮುಂದುವರಿಸಬೇಕು. ಗಂಡನ ಟವಲನ್ನು ಹೆಂಡತಿ, ಹೆಂಡತಿಯ ಟವಲನ್ನು ಮಕ್ಕಳು ಬಳಸಕೂಡದು. ಒಳಉಡುಪುಗಳನ್ನು ನಾಚಿಕೆಯಿಂದ ಬಚ್ಚಲಿನ ಮೂಲೆಯಲ್ಲಿ ಒಣಗಿಸುವುದು ನಮ್ಮಲ್ಲಿ ವಾಡಿಕೆ. ಅವನ್ನು ಬಿಸಿಲಿನಲ್ಲಿಯೇ ಒಣಗಿಸಬೇಕು. ರೋಗವು ಹೆಚ್ಚಾಗಿದ್ದರೆ ನುಂಗಲು ಗುಳಿಗೆಗಳನ್ನು ಕೊಡುತ್ತೇವೆ. ಅವುಗಳಲ್ಲಿ ಕೆಲವನ್ನು ಗರ್ಭಿಣಿಯರು ಸೇವಿಸಕೂಡದು. ಆದಕಾರಣ ಮುಟ್ಟು ನಿಂತಿದ್ದರೆ, ಮಗುವಿಗಾಗಿ ಎದುರುನೋಡುತ್ತಿದ್ದರೆ, ಗರ್ಭನಿರೋಧಕ ಗುಳಿಗೆ ನುಂಗುತ್ತಿದ್ದರೆ ಸಂಕೋಚಪಡದೆ ಹೇಳಿರಿ.

ಎದೆ, ಬೆನ್ನು, ಕತ್ತಿನ ಮೇಲೆ ಮಾಸಲು ಬಿಳುಪಾಗಿಯೋ ಕಂದಾಗಿಯೋ ಚುಕ್ಕಿ ಚುಕ್ಕಿಯಾಗಿ ಹರಡುವ ಚಿಬ್ಬು ಇನ್ನೊಂದು ಬಗೆಯ ಶಿಲೀಂಧ್ರದ ಕೆಲಸ. ಉಗುರಿನಿಂದ ಮೆಲ್ಲನೆ ಕೆರೆದರೆ ಹಿಟ್ಟಿನಂತಹ ನಯವಾದ ಹೊಟ್ಟು ಉದುರುತ್ತದೆ. ಇದರಿಂದ ಅಪಾಯವೇನೂ ಇಲ್ಲ. ಔಷಧದಿಂದ ರೋಗವು ಬೇಗನೆ ಹೋದರೂ ಚರ್ಮದ ಬಣ್ಣ ಕೂಡಿಕೊಳ್ಳಲು ಕೆಲವು ತಿಂಗಳು ಬೇಕಾಗುತ್ತದೆಂಬುದನ್ನು ನೆನಪಿಡಿರಿ.

ಹೊಲದಿಂದ ಬರುವ ಇಸುಬು

ಮೊದಲನೆಯ ಪ್ರಶ್ನೆಯ ಮಹತ್ವವು ಇಲ್ಲಿ ತಿಳಿಯುತ್ತದೆ. ಬಟ್ಟೆ ಮುಚ್ಚಿದ ಕಡೆ ಏನೂ ಇಲ್ಲದೆ, ಮುಖ, ಕಣ್ಣಿನ ರೆಪ್ಪೆ, ಕತ್ತು, ಮೊಣಕೈಯ ಮಡಿಕೆ, ಹೀಗೆ ಗಾಳಿಗೆ ತೆರೆದ ಭಾಗಗಳಲ್ಲಿ ಚರ್ಮವು ದಪ್ಪವಾಗಿ, ಕಪ್ಪಾಗಿ, ವಿಪರೀತ ತುರಿಕೆಯಾದರೆ ಹೊಲದ ಬದುವಿನ ಕಡೆ ನೋಡಬೇಕು. ನಾವು ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ ಕಳೆಯು ಅಮೆರಿಕ ಖಂಡದಿಂದ ಬಂದುದು. ೧೯೫೦ರ ದಶಕದಿಂದೀಚೆಗೆ ನಮ್ಮ ದೇಶದಲ್ಲೆಲ್ಲ ಹಬ್ಬಿದೆ. ಒಣಗಿದ ಗಿಡದ ಧೂಳೂ ಕೂದಲಿನಂತಹ ಎಳೆಗಳೂ ಗಾಳಿಯಲ್ಲಿ ತೇಲಿ ಬಂದು ಕೆಲವರ ಮೈಗೆ ಒಗ್ಗದೆ ಇಸುಬನ್ನು ಉಂಟುಮಾಡುತ್ತವೆ. ಇದು ಅಂಟುರೋಗವಲ್ಲ. ಇಸುಬು ಇದ್ದವರು ಆ ಗಿಡವನ್ನು ಬರಿಗೈಯಿಂದ ಕೀಳುವುದಾಗಲಿ, ಸುಡುವ ಕಡೆ ನಿಲ್ಲುವುದಾಗಲಿ ಸಲ್ಲದು. ಮನೆಯ ಇತರರು, ತೋಳು ಮುಚ್ಚಿ, ಕೈಗೆ ಚೀಲ ಹಾಕಿಕೊಂಡು, ಹೂ ಬಿಡುವ ಮೊದಲೇ ಅದನ್ನು ಕಿತ್ತುಹಾಕಬೇಕು. ಹೊಲದಿಂದ ಬಂದೊಡನೆ ಮೈ ತೊಳೆದು ಬಟ್ಟೆ ಬದಲಾಯಿಸಬೇಕು.

ಸರ್ಪಸುತ್ತು

ಮೈಯ ಒಂದೇ ಪಕ್ಕದಲ್ಲಿ, ಪಟ್ಟಿಯಂತೆ, ಮೊದಲು ಉರಿನೋವು ಬಂದು ಆಮೇಲೆ ನೀರುಗುಳ್ಳೆಗಳ ಗೊಂಚಲು ಏಳುವುದನ್ನು ಸರ್ಪಸುತ್ತು ಎನ್ನುತ್ತೇವೆ. ಹಾವಿನ ಶಾಪಕ್ಕೂ ಇದಕ್ಕೂ ಸಂಬಂಧವಿಲ್ಲ. ಚಿಕ್ಕಂದಿನಲ್ಲಿ ಬಂದುಹೋದ ಸೀತಾಳೆ ಸಿಡುಬಿನ ರೋಗಾಣುವು ನರದಲ್ಲಿ ಅಡಗಿದ್ದು, ಮೈಯ ಶಕ್ತಿ ಕುಗ್ಗಿದಾಗ ಮತ್ತೆ ಎದ್ದು ಬರುತ್ತದೆ. ಹೆಡೆಯೂ ಬಾಲವೂ ಕೂಡಿದರೆ ಸಾವೆಂಬ ಭಯವನ್ನು ಬಿಡಿರಿ. ಕೆಮ್ಮಣ್ಣು ಬರೆಸುತ್ತ ದಿನ ಕಳೆಯುವುದರಿಂದ ನಷ್ಟವೇ ಹೆಚ್ಚು. ಏಕೆಂದರೆ ಗುಳ್ಳೆ ಕಾಣಿಸಿದ ಮೂರು ದಿನಗಳೊಳಗೆ ಔಷಧವನ್ನು ಆರಂಭಿಸಿದರೆ ಗುಣ ಹೆಚ್ಚು. ಹಣೆಯ ಮೇಲೆ, ಕಣ್ಣಿನ ಬಳಿ, ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ದೃಷ್ಟಿಗೇ ಅಪಾಯವಿರುವುದರಿಂದ ಅದೇ ದಿನ ಬರಬೇಕು. ಸೀತಾಳೆ ಸಿಡುಬು ಬಾರದಿರುವ ಗರ್ಭಿಣಿಯರು ರೋಗಿಯ ಗುಳ್ಳೆಗಳನ್ನು ಮುಟ್ಟದೆ ದೂರವಿರುವುದು ಒಳ್ಳೆಯದು.

ತೊನ್ನು ಕುಷ್ಠವಲ್ಲ

ಹಾಲಿನಂತೆ ಅಚ್ಚ ಬಿಳುಪಾದ, ಹೊಟ್ಟಿಲ್ಲದ, ತುರಿಕೆಯಿಲ್ಲದ, ಮುಟ್ಟಿದರೆ ಚೆನ್ನಾಗಿ ತಿಳಿಯುವ ಮಚ್ಚೆಯೇ ತೊನ್ನು. ಮೈಯ ರಕ್ಷಣಾಶಕ್ತಿಯು ಬಣ್ಣ ಕೊಡುವ ಕಣಗಳನ್ನು ಹಗೆಗಳೆಂದು ತಪ್ಪು ತಿಳಿದು ನಾಶಮಾಡುವುದರಿಂದ ಇದು ಉಂಟಾಗುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಪಾಪದ ಫಲವೂ ಅಲ್ಲ. ಗಂಡನಿಂದ ಹೆಂಡತಿಗಾಗಲಿ, ಹಾಲಿನ ಮೂಲಕ ಮಗುವಿಗಾಗಲಿ ಬರುವುದಿಲ್ಲ. ಚಿಕಿತ್ಸೆಗೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಬೇಗ ಬಂದಷ್ಟೂ ಫಲ ಹೆಚ್ಚು. ಅಂಟಿಸಿಕೊಳ್ಳುವ ಬಿಂದಿಯ ಗೋಂದಿನಿಂದ ಹಣೆಯಲ್ಲಿಯೂ, ರಬ್ಬರು ಚಪ್ಪಲಿಯ ಪಟ್ಟಿಯಿಂದ ಪಾದದಲ್ಲಿಯೂ ಕೆಲವರಿಗೆ ಬಿಳಿಯ ಕಲೆ ಮೂಡುವುದುಂಟು. ಕಲೆ ಕಂಡೊಡನೆ ಅವನ್ನು ಬಿಡಬೇಕು. ಬಿಳಿಯ ಮಚ್ಚೆಯೊಂದನ್ನು ಕಂಡು ನಿಶ್ಚಿತಾರ್ಥ ಮುರಿದ ಮನೆಗಳನ್ನು ನಾನು ಬಲ್ಲೆ. ಚರ್ಮದ ಬಣ್ಣ ಹೋದುದಕ್ಕೆ ಔಷಧವಿದೆ. ನೆರೆಹೊರೆಯ ನಾಲಗೆಗೆ ಔಷಧವಿಲ್ಲ.

ತುರಿಕೆಯಿಲ್ಲದ ಮಚ್ಚೆಯನ್ನು ಅಲಕ್ಷಿಸಬೇಡಿ

ಇನ್ನು ನಾಲ್ಕನೆಯ ಪ್ರಶ್ನೆ. ತುರಿಕೆಯಿದ್ದರೆ ಮನುಷ್ಯ ತಾನಾಗಿಯೇ ಆಸ್ಪತ್ರೆಗೆ ಬರುತ್ತಾನೆ. ತುರಿಸದ, ನೋಯದ, ಕೆರೆದರೂ ಗೊತ್ತಾಗದ ಮಚ್ಚೆಯು ಯಾರನ್ನೂ ಆಸ್ಪತ್ರೆಗೆ ಕರೆತರುವುದಿಲ್ಲ. ಅದೇ ಅದರ ಅಪಾಯ.

ನಮ್ಮ ಕೇಂದ್ರದ ವ್ಯಾಪ್ತಿಯ ಒಬ್ಬ ರೈತರಿಗೆ ಬೆನ್ನಿನ ಮೇಲೆ ಅಂಗೈಯಗಲದ ಮಚ್ಚೆಯಿತ್ತು. ಅದು ಅಚ್ಚ ಬಿಳುಪಲ್ಲ. ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ತಿಳಿ, ಒಣಗಿದಂತಹ ಮೇಲ್ಮೈ. ಅವರಿಗೆ ಅದರ ಅರಿವೇ ಇರಲಿಲ್ಲ. ದೀಪಾವಳಿಯ ಎಣ್ಣೆಸ್ನಾನದಲ್ಲಿ ಹೆಂಡತಿ ಬೆನ್ನು ಉಜ್ಜುವಾಗ ಕಂಡರು. ಹಂಡೆಯ ನೀರು ಬಹಳ ಕಾದಿತ್ತು. ಅದು ಬೇರೆ ಕಡೆ ಬಿದ್ದಾಗ ಗಂಡ ಕೂಗಿದರು, ಮಚ್ಚೆಯ ಮೇಲೆ ಬಿದ್ದಾಗ ಸುಮ್ಮನಿದ್ದರು. ಆ ತಾಯಿ ಅಷ್ಟನ್ನು ಗಮನಿಸಿ ಮಾರನೆಯ ವಾರ ಆಶಾ ಕಾರ್ಯಕರ್ತೆಗೆ ತಿಳಿಸಿದರು. ಅದು ಕುಷ್ಠರೋಗವಾಗಿತ್ತು. ಆ ರೈತರು ಪೂರ್ಣ ಚಿಕಿತ್ಸೆ ಪಡೆದು ಇಂದೂ ನೇಗಿಲು ಹಿಡಿಯುತ್ತಿದ್ದಾರೆ.

ಇನ್ನೊಬ್ಬರನ್ನು ಕಂಡೆ. ಅವರ ಮಚ್ಚೆಯನ್ನು ಮನೆಯವರು ಚಿಬ್ಬೆಂದು ತಿಳಿದು ನಾಲ್ಕು ವರ್ಷ ಬಿಟ್ಟಿದ್ದರು. ನಮ್ಮಲ್ಲಿಗೆ ಬರುವ ಹೊತ್ತಿಗೆ ಮೊಣಕೈಯ ನರವು ದಪ್ಪವಾಗಿ ಎರಡು ಬೆರಳುಗಳು ಮಡಿಚಿಕೊಂಡಿದ್ದವು. ತಟ್ಟೆಯಲ್ಲಿನ ಅನ್ನವನ್ನು ಕಲಸಲು ಅವರಿಂದ ಆಗುತ್ತಿರಲಿಲ್ಲ. ರೋಗವನ್ನು ಗುಣಪಡಿಸಿದೆವು, ಬೆರಳುಗಳನ್ನು ಮೊದಲಿನಂತೆ ಮಾಡಿಕೊಡಲು ನಮ್ಮಿಂದಾಗಲಿಲ್ಲ. ಇಬ್ಬರ ರೋಗವೂ ಒಂದೇ, ಔಷಧವೂ ಒಂದೇ. ವ್ಯತ್ಯಾಸವಿದ್ದುದು ಬೆನ್ನು ಉಜ್ಜಿದವರ ಕಣ್ಣಿನಲ್ಲಿ.

ನಾರ್ವೆ ದೇಶದ ಹ್ಯಾನ್ಸನ್ ಎಂಬ ವೈದ್ಯರು ೧೮೭೩ರಲ್ಲಿ ಕುಷ್ಠದ ರೋಗಾಣುವನ್ನು ಕಂಡುಹಿಡಿದರು. ಅಂದಿನಿಂದಲೇ ಇದು ಶಾಪವೆಂಬ, ವಂಶಪಾರಂಪರ್ಯವೆಂಬ ಮಾತಿಗೆ ಆಧಾರ ತಪ್ಪಿತು. ೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡಿದರು. ಈ ಬಹುಔಷಧ ಚಿಕಿತ್ಸೆಯು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ರೋಗದ ಬಗೆಯನ್ನು ನೋಡಿ ಆರು ತಿಂಗಳು ಅಥವಾ ಹನ್ನೆರಡು ತಿಂಗಳು ನುಂಗಬೇಕು. ಚಿಕಿತ್ಸೆ ಆರಂಭಿಸಿದ ಸ್ವಲ್ಪ ಕಾಲದಲ್ಲಿಯೇ ಇತರರಿಗೆ ಹರಡುವುದು ನಿಲ್ಲುತ್ತದೆ. ಹೆಚ್ಚಿನ ಜನರ ಮೈಯಲ್ಲಿ ಈ ರೋಗವನ್ನು ತಡೆಯುವ ಶಕ್ತಿ ಸಹಜವಾಗಿಯೇ ಇರುತ್ತದೆ. ಆದುದರಿಂದ ರೋಗಿಯನ್ನು ಬೇರೆ ಇಡುವ, ಬೇರೆ ತಟ್ಟೆ ಕೊಡುವ ಅಗತ್ಯವಿಲ್ಲ. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಈ ಔಷಧವನ್ನು ವೈದ್ಯರ ಸಲಹೆಯಂತೆ ಮುಂದುವರಿಸಬಹುದು. ಮೂತ್ರ ಕೆಂಪಗಾದರೆ, ಮೈಬಣ್ಣ ಕಪ್ಪಾದರೆ ಹೆದರಿ ಔಷಧ ಬಿಡಬೇಡಿರಿ. ಅದು ಔಷಧದ ಬಣ್ಣ, ಕಾಲಕ್ರಮದಲ್ಲಿ ಹೋಗುತ್ತದೆ. ಮನೆಮಂದಿಯನ್ನೆಲ್ಲ ಪರೀಕ್ಷಿಸಿ, ರೋಗ ಬಾರದಂತೆ ತಕ್ಕವರಿಗೆ ಒಂದು ಸಲದ ಗುಳಿಗೆಯನ್ನೂ ಕೊಡುತ್ತೇವೆ.

ನಮ್ಮ ದೇಶದಲ್ಲಿ ಹತ್ತು ಸಾವಿರ ಜನರಿಗೆ ಒಬ್ಬ ರೋಗಿಗಿಂತ ಕಡಿಮೆಯೆಂಬ ಗುರಿಯನ್ನು ೨೦೦೫ರ ಡಿಸೆಂಬರಿನಲ್ಲಿ ತಲಪಿದೆವು. ಹಾಗೆಂದು ರೋಗವು ಹೊರಟುಹೋಗಿಲ್ಲ. ಪ್ರತಿವರ್ಷ ಹೊಸ ರೋಗಿಗಳು ಪತ್ತೆಯಾಗುತ್ತಲೇ ಇದ್ದಾರೆ.

ಮನೆಯಲ್ಲಿಯೇ ಪರೀಕ್ಷೆ ಮಾಡುವ ಬಗೆ ಹೀಗೆ: ಹತ್ತಿಯ ತುದಿಯನ್ನು ಎಳೆಯಾಗಿ ಹೊಸೆದು ಮೊದಲು ಒಳ್ಳೆಯ ಚರ್ಮಕ್ಕೆ ಮುಟ್ಟಿಸಿ ತೋರಿಸಬೇಕು. ಆಮೇಲೆ ಕಣ್ಣು ಮುಚ್ಚಿಸಿ, ಅಲ್ಲೊಮ್ಮೆ ಇಲ್ಲೊಮ್ಮೆ, ಮಚ್ಚೆಯ ಮೇಲೊಮ್ಮೆ ಮುಟ್ಟಿಸಬೇಕು. ಮುಟ್ಟಿದ ಜಾಗವನ್ನು ಅವರು ಬೆರಳಿಟ್ಟು ತೋರಿಸಬೇಕು. ಮಚ್ಚೆಯ ಮೇಲೆ ಮುಟ್ಟಿದುದು ತಿಳಿಯದಿದ್ದರೆ ತಡಮಾಡದೆ ಬನ್ನಿರಿ. ಸೂಜಿ, ಕಾದ ಕಡ್ಡಿಗಳಿಂದ ಪರೀಕ್ಷಿಸುವುದು ಸಲ್ಲದು. ಕುಷ್ಠದ ಎಲ್ಲ ಮಚ್ಚೆಗಳಲ್ಲಿಯೂ ಸ್ಪರ್ಶ ಹೋಗಿರುವುದಿಲ್ಲವಾದುದರಿಂದ, ತಿಳಿಯುತ್ತದೆಂಬ ಮಾತ್ರಕ್ಕೆ ನಿಶ್ಚಿಂತೆಯಿಂದಿರಕೂಡದು. ಬಹುಕಾಲ ಹೋಗದ ಮಚ್ಚೆ, ಕಿವಿಯ ಅಥವಾ ಮುಖದ ಮೇಲಿನ ಗಂಟು, ಕೈಕಾಲುಗಳ ಜೋಮು, ಜಾರಿಬಿದ್ದರೂ ತಿಳಿಯದ ಚಪ್ಪಲಿ, ಇವುಗಳಲ್ಲಿ ಯಾವುದಿದ್ದರೂ ತೋರಿಸಬೇಕು.

ಗಂಡನ ಬೆನ್ನನ್ನು ಹೆಂಡತಿ ನೋಡಿದಳು, ಸರಿ. ಹೆಂಡತಿಯ ಬೆನ್ನನ್ನು ಯಾರು ನೋಡುತ್ತಾರೆ? ಮಚ್ಚೆ ಕಂಡರೂ ಹೆಂಗಸರು ಸೆರಗಿನಲ್ಲಿ ಮುಚ್ಚುವುದಕ್ಕೆ ಕಾರಣವಿದೆ: ತಿಳಿದರೆ ತವರಿಗೆ ಅಟ್ಟುತ್ತಾರೆಂಬ ಭಯ. ಈ ಭಯಕ್ಕೆ ಹಿಂದೆ ಕಾನೂನಿನ ಬೆಂಬಲವೂ ಇತ್ತು. ಕುಷ್ಠವು ವಿವಾಹ ವಿಚ್ಛೇದನಕ್ಕೆ ಒಂದು ಕಾರಣವೆಂದು ಎಣಿಸಲ್ಪಟ್ಟಿತ್ತು. ೨೦೧೯ರಲ್ಲಿ ಸಂಸತ್ತು ವೈಯಕ್ತಿಕ ಕಾನೂನುಗಳಿಗೆ ತಿದ್ದುಪಡಿ ಮಾಡಿ ಅದನ್ನು ತೆಗೆದುಹಾಕಿತು. ಆರು ತಿಂಗಳಲ್ಲೋ ವರ್ಷದಲ್ಲೋ ಗುಣವಾಗುವ ರೋಗಕ್ಕಾಗಿ ಬಾಳಸಂಗಾತಿಯನ್ನು ಬಿಡಲು ಇಂದು ಕಾನೂನೂ ಒಪ್ಪುವುದಿಲ್ಲ, ವೈದ್ಯಶಾಸ್ತ್ರವೂ ಒಪ್ಪುವುದಿಲ್ಲ. “ಮಚ್ಚೆ ಇದ್ದರೆ ತೋರಿಸು, ನಾನಿದ್ದೇನೆ” ಎಂದು ಗಂಡನಾದವನು ಹೇಳಿದರೆ, ನಮ್ಮ ಔಷಧಕ್ಕಿಂತ ಮೊದಲು ಆ ಮಾತೇ ಅರ್ಧ ಚಿಕಿತ್ಸೆ.

ಇಬ್ಬರೂ ಕೂಡಿ ಬರಬೇಕಾದ ಸಂದರ್ಭ

ಗುಪ್ತಾಂಗದ ಮೇಲೆ ಹುಣ್ಣು, ಅದರಲ್ಲೂ ನೋವಿಲ್ಲದ ಹುಣ್ಣು ಕಾಣಿಸಿಕೊಂಡು ತಾನಾಗಿಯೇ ಮಾಯವಾದರೂ ಸಂತೋಷಪಡಬೇಡಿರಿ. ಸಿಫಿಲಿಸ್ ಎಂಬ ರೋಗವು ಹೀಗೆ ಮರೆಯಾಗಿ, ಕೆಲವು ವಾರಗಳ ಮೇಲೆ ಅಂಗೈ ಅಂಗಾಲುಗಳಲ್ಲಿ ತುರಿಕೆಯಿಲ್ಲದ ಕಂದು ಮಚ್ಚೆಗಳಾಗಿ ಹೊರಬರುತ್ತದೆ. ಗರ್ಭಿಣಿಗೆ ತಗಲಿದರೆ ಗರ್ಭಪಾತವಾಗಬಹುದು, ಸತ್ತ ಕೂಸು ಹು��್ಟಬಹುದು. ಪೆನಿಸಿಲಿನ್ ಚುಚ್ಚುಮದ್ದಿನಿಂದ ಇದು ಗುಣವಾಗುತ್ತದೆ. ಆದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆಯಾಗಬೇಕು. ಗರ್ಭ ನಿಂತ ಮೊದಲ ತಿಂಗಳುಗಳಲ್ಲಿಯೇ ರಕ್ತಪರೀಕ್ಷೆ ಮಾಡಿಸಿಕೊಳ್ಳಿರಿ. ನೀವು ಹೇಳಿದ ಮಾತು ವೈದ್ಯರ ಕೊಠಡಿಯಿಂದಾಚೆಗೆ ಹೋಗುವುದಿಲ್ಲ.

ಮುಕ್ತಾಯ

ನಾನು ಪರೀಕ್ಷೆಗೆ ಕುಳಿತಾಗ ಒಂದು ಉತ್ತರ ತಪ್ಪಿದ್ದರೆ ಕೆಲವು ಅಂಕಗಳು ಹೋಗುತ್ತಿದ್ದವು, ಅಷ್ಟೆ. ನಿಮ್ಮ ಮನೆಯಲ್ಲಿ ನಡೆಯುವ ಪರೀಕ್ಷೆ ಅದಕ್ಕಿಂತ ದೊಡ್ಡದು. ಅದಕ್ಕೆ ಪುಸ್ತಕ ಬೇಕಿಲ್ಲ, ರೋಗಗಳ ಹೆಸರೂ ಬೇಕಿಲ್ಲ. ತಿಂಗಳಿಗೊಮ್ಮೆ, ಎಣ್ಣೆಸ್ನಾನದ ದಿನವೆಂದಿಟ್ಟುಕೊಳ್ಳಿ, ಹಗಲಿನ ಬೆಳಕಿನಲ್ಲಿ ಗಂಡ ಹೆಂಡತಿಯರು ಒಬ್ಬರ ಬೆನ್ನನ್ನು ಒಬ್ಬರು ನೋಡಿರಿ. ಇಬ್ಬರೂ ಕೂಡಿ ಮಕ್ಕಳ ಮೈಯನ್ನು ನೋಡಿರಿ. ವಯಸ್ಸಾದ ತಂದೆತಾಯಿಗಳ ಪಾದಗಳನ್ನು ನೋಡಿರಿ. ಎಲ್ಲಿದೆ, ಹೇಗಿದೆ, ತುರಿಸುತ್ತದೆಯೆ, ಮುಟ್ಟಿದರೆ ತಿಳಿಯುತ್ತದೆಯೆ, ಇನ್ನು ಯಾರಿಗಿದೆ, ಎಂಬ ಐದು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಉತ್ತರವನ್ನು ನಮ್ಮಲ್ಲಿಗೆ ತನ್ನಿರಿ. ಹೆಸರಿಡುವುದೂ ಔಷಧ ಕೊಡುವುದೂ ನಮ್ಮ ಕೆಲಸ.